ಉಪೋಷ್ಣವಲಯದ ಕರಾವಳಿ ಸೀಗಡಿ: ಬೆಳವಣಿಗೆ ಮತ್ತು ಸಂತಾನೋತ್ಪತ್ತಿ

ಭೂಮಧ್ಯರೇಖೆಯ ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು 23ರಿಂದ 35 ಡಿಗ್ರಿ ಅಕ್ಷಾಂಶಗಳ ನಡುವಿನ ಕರಾವಳಿ ನೀರು ಬೇಸಿಗೆಯಲ್ಲಿ ಉಷ್ಣವಲಯದಷ್ಟೇ ಬಿಸಿಯಾಗುತ್ತದೆ, ಚಳಿಗಾಲದಲ್ಲಿ ಮೈ ಕೊರೆಯುವಷ್ಟು ತಣ್ಣಗಾಗುತ್ತದೆ. ಮೆಕ್ಸಿಕೊ ಕೊಲ್ಲಿಯ ಉತ್ತರ ದಂಡೆ, ಅಮೆರಿಕದ ಕ್ಯಾರೊಲಿನಾ ಮತ್ತು ಜಾರ್ಜಿಯಾ ತೀರ, ದಕ್ಷಿಣ ಜಪಾನು, ಆಸ್ಟ್ರೇಲಿಯದ ಪೂರ್ವ ಕರಾವಳಿಯ ದಕ್ಷಿಣ ಭಾಗ, ಬ್ರೆಜಿಲಿನ ಆಗ್ನೇಯ ಮತ್ತು ದಕ್ಷಿಣ ತೀರ ಇಂಥ ಪ್ರದೇಶಗಳು. ಇಲ್ಲಿ ಬಾಳುವ ಸೀಗಡಿಗಳ ಆಯುಷ್ಯ ಚಿಕ್ಕದು. ಹೆಚ್ಚಿನವು ಒಂದೂವರೆ ವರ್ಷ ದಾಟುವುದಿಲ್ಲ. ಆ ಅವಧಿಯೊಳಗೆ ಮೊಟ್ಟೆಯಿಂದ ಹೊರಬಂದು, ಸಮುದ್ರದಿಂದ ಅಳಿವೆಗೆ ಬಂದು ಬೆಳೆದು, ಮತ್ತೆ ಸಮುದ್ರಕ್ಕೆ ಹಿಂತಿರುಗಿ ಸಂತಾನ ಪಡೆಯಬೇಕು. ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು, ಯಾವಾಗ ಮೊಟ್ಟೆ ಬಿಡಬೇಕು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ನೀರಿನ ತಾಪ. ಮೊಟ್ಟೆಗಳಲ್ಲಿ ಎಷ್ಟು ಉಳಿದು ದೊಡ್ಡವಾಗುತ್ತವೆ ಎಂಬುದನ್ನು ನಿರ್ಧರಿಸುವುದು ಅಳಿವೆಯ ಸ್ಥಿತಿ. ಈ ಎರಡು ಮಾತುಗಳನ್ನು ಹಿಡಿದುಕೊಂಡರೆ ಉಪೋಷ್ಣವಲಯದ ಸೀಗಡಿಯ ಬದುಕಿನ ಬಹುಪಾಲು ವಿವರಗಳು ತಮ್ಮ ತಮ್ಮ ಸ್ಥಾನದಲ್ಲಿ ಕೂರುತ್ತವೆ.

ಮುಖ್ಯ ಪ್ರಭೇದಗಳು

ಆರ್ಥಿಕವಾಗಿ ಮಹತ್ವದ ಕರಾವಳಿ ಸೀಗಡಿಗಳಲ್ಲಿ ಹೆಚ್ಚಿನವು ಪೀನಿಯಿಡೀ ಕುಟುಂಬಕ್ಕೆ ಸೇರಿದವು. ಅಮೆರಿಕದ ತೀರದಲ್ಲಿ ಮೂರು ಪ್ರಭೇದಗಳು ಪ್ರಧಾನ: ಬಿಳಿ ಸೀಗಡಿ ಪೀನಿಯಸ್ ಸೆಟಿಫೆರಸ್, ಕಂದು ಸೀಗಡಿ ಪೀನಿಯಸ್ ಅಜ್ಟೆಕಸ್, ಗುಲಾಬಿ ಸೀಗಡಿ ಪೀನಿಯಸ್ ಡ್ಯುಒರೇರಮ್. ಜಪಾನಿನಲ್ಲಿ ಕುರುಮಾ ಸೀಗಡಿ ಎಂದು ಹೆಸರಾದದ್ದು ಪೀನಿಯಸ್ ಜಪೋನಿಕಸ್. ಆಸ್ಟ್ರೇಲಿಯದ ಪೂರ್ವ ತೀರದಲ್ಲಿ ಮಾತ್ರ ಸಿಗುವುದು ರಾಜ ಸೀಗಡಿ, ಪೀನಿಯಸ್ ಪ್ಲೆಬಿಜಸ್. ದಕ್ಷಿಣ ಬ್ರೆಜಿಲಿನಲ್ಲಿ ಪೀನಿಯಸ್ ಪೌಲೆನ್ಸಿಸ್ ಮತ್ತು ಚಿಕ್ಕ ಗಾತ್ರದ ಜಿಫೊಪೀನಿಯಸ್ ಕ್ರೋಯೆರಿ ಇವೆ. ಇತ್ತೀಚಿನ ವರ್ಗೀಕರಣದಲ್ಲಿ ಪೀನಿಯಸ್ ಕುಲವನ್ನು ಒಡೆದು ಲಿಟೊಪೀನಿಯಸ್, ಫಾರ್ಫಾಂಟೆಪೀನಿಯಸ್ ಮೊದಲಾದ ಹೆಸರುಗಳನ್ನು ಕೊಟ್ಟವರಿದ್ದಾರೆ. ಎಲ್ಲರೂ ಒಪ್ಪಿಲ್ಲವಾದ್ದರಿಂದ ಇಲ್ಲಿ ಹಳೆಯ ಹೆಸರನ್ನೇ ಬಳಸಿದೆ.

ಜೀವನಚಕ್ರದ ಶೋಧ

ಅಳಿವೆಯಲ್ಲಿ ಸಿಗುವ ಚಿಕ್ಕ ಸೀಗಡಿ ಮತ್ತು ಹೊರಗಿನ ಕಡಲಿನಲ್ಲಿ ಸಿಗುವ ದೊಡ್ಡ ಸೀಗಡಿ ಒಂದೇ ಪೀಳಿಗೆಯ ಎರಡು ಹಂತಗಳು ಎಂಬುದು ಸ್ಪಷ್ಟವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದಲ್ಲಿ ವೇಮತ್, ಲಿಂಡ್ನರ್ ಮತ್ತು ಆಂಡರ್ಸನ್ 1933ರಲ್ಲಿ ಪ್ರಕಟಿಸಿದ ವರದಿ ಬಿಳಿ ಸೀಗಡಿಯ ಜೀವನವನ್ನು ಒಂದು ವರ್ಷದ ಬೆಳೆಯಾಗಿ ವಿವರಿಸಿತು: ತಾಯಿ ಸೀಗಡಿ ಕಡಲಿನಲ್ಲಿ ಮೊಟ್ಟೆ ಬಿಡುತ್ತದೆ, ಮರಿಗಳು ಒಳನೀರಿಗೆ ಬಂದು ಬೆಳೆದು ಮತ್ತೆ ಹೊರಗೆ ಹೋಗುತ್ತವೆ, ಪ್ರತಿವರ್ಷದ ಮೀನುಗಾರಿಕೆ ಬಹುಮಟ್ಟಿಗೆ ಹೊಸ ಪೀಳಿಗೆಯ ಮೇಲೆ ನಿಂತಿದೆ. 1939ರಲ್ಲಿ ಪಿಯರ್ಸನ್ ಅಮೆರಿಕದ ಪೀನಿಯಿಡ್ ಸೀಗಡಿಗಳ ಆರಂಭಿಕ ಹಂತಗಳನ್ನು ಚಿತ್ರಸಹಿತ ವಿವರಿಸಿದರು. ಲಿಂಡ್ನರ್ ಮತ್ತು ಆಂಡರ್ಸನ್ ಗುರುತುಬಿಲ್ಲೆ ಕಟ್ಟಿ ಬಿಟ್ಟ ಸೀಗಡಿಗಳಿಂದ ದೊರೆತ ಬೆಳವಣಿಗೆ ಮತ್ತು ವಲಸೆಯ ಮಾಹಿತಿಯನ್ನು 1956ರಲ್ಲಿ ಹೊರತಂದರು. ಸೀಗಡಿಯ ವಯಸ್ಸು ಕಂಡುಹಿಡಿಯುವುದು ಕಷ್ಟದ ಕೆಲಸ ಎಂಬುದನ್ನು ನೆನೆದರೆ ಈ ದುಡಿಮೆಯ ಬೆಲೆ ತಿಳಿಯುತ್ತದೆ. ಮೀನಿನ ಕಿವಿಗಲ್ಲಿನಲ್ಲೋ ಹುರುಪೆಯಲ್ಲೋ ವರ್ಷದ ಉಂಗುರಗಳನ್ನು ಎಣಿಸಬಹುದು. ಸೀಗಡಿಯಾದರೋ ತನ್ನ ಗಟ್ಟಿ ಕವಚವನ್ನೆಲ್ಲ ಮತ್ತೆ ಮತ್ತೆ ಕಳಚಿಬಿಡುತ್ತದೆ. ಹಾಗಾಗಿ ತಿಂಗಳು ತಿಂಗಳು ಸಾವಿರಾರು ಸೀಗಡಿಗಳ ಉದ್ದ ಅಳೆದು, ಯಾವ ಗುಂಪು ಎಷ್ಟು ಮುಂದೆ ಸರಿಯಿತು ಎಂದು ನೋಡುತ್ತ ಹೋಗಬೇಕು.

ಕೂಡುವಿಕೆ ಮತ್ತು ಮೊಟ್ಟೆ

ಪೀನಿಯಿಡ್ ಸೀಗಡಿಗಳಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದು. ಗಂಡಿನ ಮೊದಲ ಜೊತೆ ಈಜುಗಾಲುಗಳ ಒಳಶಾಖೆಗಳು ಬೆಸೆದು ಪೆಟಾಸ್ಮ ಎಂಬ ಅಂಗವಾಗಿರುತ್ತವೆ. ಹೆಣ್ಣಿನ ಎದೆಭಾಗದ ಅಡಿಯಲ್ಲಿ, ಕೊನೆಯ ಜೋಡಿ ನಡಿಗೆಕಾಲುಗಳ ನಡುವೆ, ಥೆಲಿಕಮ್ ಎಂಬ ವೀರ್ಯ ಹಿಡಿಯುವ ರಚನೆ ಇರುತ್ತದೆ. ಗಂಡು ವೀರ್ಯವನ್ನು ಪೊಟ್ಟಣವಾಗಿ ಅಲ್ಲಿಗೆ ಸಾಗಿಸುತ್ತದೆ. ಸೀಗಡಿಯ ವೀರ್ಯಾಣುವಿಗೆ ಈಜುವ ಬಾಲವಿಲ್ಲ. ಮುಂದೆ ಒಂದು ಮುಳ್ಳು ಮಾತ್ರ ಇರುತ್ತದೆ.

ಥೆಲಿಕಮ್ ತೆರೆದಿರುವುದೋ ಮುಚ್ಚಿರುವುದೋ ಎಂಬುದು ಇಡೀ ಜೀವನದ ಲಯವನ್ನೇ ಬೇರೆ ಮಾಡುತ್ತದೆ. ಬಿಳಿ ಸೀಗಡಿಯಲ್ಲಿ ಅದು ತೆರೆದದ್ದು. ಹೆಣ್ಣಿನ ಕವಚ ಗಟ್ಟಿಯಾಗಿರುವಾಗಲೇ, ಅಂಡಾಶಯ ಪಕ್ವವಾದ ಮೇಲೆ, ಮೊಟ್ಟೆ ಬಿಡುವುದಕ್ಕೆ ಕೆಲವೇ ಗಂಟೆಗಳ ಮೊದಲು ಕೂಡುವಿಕೆ ನಡೆಯುತ್ತದೆ. ಪೊಟ್ಟಣ ಹೊರಗೇ ಅಂಟಿಕೊಂಡಿರುತ್ತದೆ, ಸುಲಭವಾಗಿ ಉದುರಿಯೂ ಹೋಗುತ್ತದೆ. ಕಂದು, ಗುಲಾಬಿ, ಕುರುಮಾ ಮತ್ತು ರಾಜ ಸೀಗಡಿಗಳಲ್ಲಿ ಥೆಲಿಕಮ್ ಮುಚ್ಚಿದ ಚೀಲದಂತಿದೆ. ಹೆಣ್ಣು ಪೊರೆ ಕಳಚಿ ಮೈ ಮೆತ್ತಗಿರುವ ಸ್ವಲ್ಪ ಹೊತ್ತಿನಲ್ಲಿ ಗಂಡು ಕೂಡಬೇಕು. ಒಳಸೇರಿದ ವೀರ್ಯ ಮುಂದಿನ ಪೊರೆ ಕಳಚುವವರೆಗೆ ಭದ್ರವಾಗಿರುತ್ತದೆ. ಕುರುಮಾ ಸೀಗಡಿಯ ಗಂಡು ಕೂಡಿದ ಮೇಲೆ ಆ ದ್ವಾರಕ್ಕೆ ಒಂದು ಬಿರಡೆಯನ್ನೂ ಹಾಕಿಬಿಡುತ್ತದೆ, ಆದ್ದರಿಂದ ಕೂಡಿದ ಹೆಣ್ಣನ್ನು ನೋಟದಲ್ಲೇ ಗುರುತಿಸಬಹುದು. ಮುಚ್ಚಿದ ಬಗೆಯವುಗಳಲ್ಲಿ ಕೂಡುವ ಸಮಯಕ್ಕೂ ಮೊಟ್ಟೆ ಬಿಡುವ ಸಮಯಕ್ಕೂ ನಡುವೆ ಅಂತರವಿರಬಹುದು. ತೆರೆದ ಬಗೆಯವುಗಳಿಗೆ ಆ ಸೌಕರ್ಯವಿಲ್ಲ.

ಅಂಡಾಶಯ ತಲೆಯಿಂದ ಬಾಲದವರೆಗೆ ಬೆನ್ನಿನುದ್ದಕ್ಕೂ ಚಾಚಿರುತ್ತದೆ. ಬಿಳಿ ಸೀಗಡಿಯಲ್ಲಿ ಅದು ಮೊದಲು ಪಾರದರ್ಶಕವಾಗಿದ್ದು, ಹಳದಿಗೆ ತಿರುಗಿ, ಪಕ್ವವಾದಾಗ ಮಾಸಲು ಹಸಿರಾಗಿ ಕವಚದ ಮೂಲಕವೇ ಕಾಣುತ್ತದೆ. ಈ ಮಾಗುವಿಕೆಗೆ ಚಾಲನೆ ಕೊಡುವುದು ವಸಂತದಲ್ಲಿ ಸಮುದ್ರತಳದ ನೀರು ಬೆಚ್ಚಗಾಗುವುದು. ಅಮೆರಿಕದ ಆಗ್ನೇಯ ತೀರದಲ್ಲಿ ಬಿಳಿ ಸೀಗಡಿಯ ಮೊಟ್ಟೆಯ ಕಾಲ ಏಪ್ರಿಲ್–ಮೇಯಲ್ಲಿ ಆರಂಭವಾಗಿ ಬೇಸಿಗೆಯ ಕೊನೆಯವರೆಗೆ ನಡೆಯುತ್ತದೆ. ಚಳಿಗಾಲ ತಡವಾಗಿ ಮುಗಿದ ವರ್ಷ ಮೊಟ್ಟೆಯೂ ತಡ. ಒಂದು ದೊಡ್ಡ ಹೆಣ್ಣು ಒಂದು ಸಲಕ್ಕೆ 5 ಲಕ್ಷದಿಂದ 10 ಲಕ್ಷ ಮೊಟ್ಟೆ ಬಿಡುತ್ತದೆ, ಒಂದೇ ಋತುವಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿಯೂ ಬಿಡಬಹುದು. ಬಿಳಿ ಸೀಗಡಿ ದಡಕ್ಕೆ ಸಮೀಪವಾಗಿ, ಹೆಚ್ಚಾಗಿ 30 ಮೀಟರಿಗಿಂತ ಕಡಿಮೆ ಆಳದಲ್ಲಿ ಮೊಟ್ಟೆ ಬಿಡುತ್ತದೆ. ಕಂದು ಸೀಗಡಿ ಅದಕ್ಕಿಂತ ಆಳಕ್ಕೆ, 45 ಮೀಟರಿನಿಂದ 90 ಮೀಟರಿನ ಆಸುಪಾಸಿಗೂ ಅದರಾಚೆಗೂ ಹೋಗುತ್ತದೆ. ಆಳದ ನೀರು ಋತುವಿನೊಡನೆ ಅಷ್ಟಾಗಿ ಏರಿಳಿಯುವುದಿಲ್ಲ; ಅದಕ್ಕೇ ಕಂದು ಸೀಗಡಿಯ ಮೊಟ್ಟೆಯ ಕಾಲ ಬಿಳಿಯದಕ್ಕಿಂತ ಉದ್ದವಾದದ್ದು.

ಪೀನಿಯಿಡ್ ಹೆಣ್ಣು ಮೊಟ್ಟೆಗಳನ್ನು ಹೊತ್ತು ತಿರುಗುವುದಿಲ್ಲ. ರಾತ್ರಿ ಹೊತ್ತು ಈಜುತ್ತಲೇ ನೀರಿಗೆ ಬಿಡುತ್ತದೆ. ಅದೇ ಕ್ಷಣದಲ್ಲಿ ಥೆಲಿಕಮಿನಿಂದ ವೀರ್ಯವೂ ಹೊರಬಂದು ಫಲೀಕರಣ ಹೊರಗೇ ನಡೆಯುತ್ತದೆ. ಸಮುದ್ರದ ನೀರು ತಾಗಿದೊಡನೆ ಮೊಟ್ಟೆಯ ಅಂಚಿನ ಕುಳಿಗಳಿಂದ ಕಡ್ಡಿಯಾಕಾರದ ಲೋಳೆ ಪದಾರ್ಥ ಉಕ್ಕಿ ಬಂದು ಸುತ್ತಲೂ ಪದರವಾಗುತ್ತದೆ. ನೀರಿನಲ್ಲಿರುವ ಮೆಗ್ನೀಸಿಯಮ್ ಇಲ್ಲದೆ ಇದು ಸರಿಯಾಗಿ ನಡೆಯದು. ಸುಮಾರು 0.3 ಮಿಲಿಮೀಟರ್ ಅಡ್ಡಳತೆಯ ಈ ಮೊಟ್ಟೆಗಳು ನೀರಿಗಿಂತ ತುಸು ಭಾರವಾಗಿದ್ದು ತಳಕ್ಕಿಳಿಯುತ್ತವೆ.

ಡಿಂಭದ ಹಂತಗಳು

ಬೆಚ್ಚನೆಯ ನೀರಿನಲ್ಲಿ ಮೊಟ್ಟೆ ಅರ್ಧ ದಿನದಿಂದ ಮುಕ್ಕಾಲು ದಿನದೊಳಗೆ ಒಡೆಯುತ್ತದೆ. ಹೊರಬರುವ ನಾಪ್ಲಿಯಸ್‌ಗೆ ಮೂರು ಜೊತೆ ಅವಯವಗಳು. ಬಾಯಿ ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ, ಮೊಟ್ಟೆಯ ಭಂಡಾರವೇ ಆಹಾರ. ಅಮೆರಿಕದ ಪ್ರಭೇದಗಳಲ್ಲಿ ನಾಪ್ಲಿಯಸ್ ಐದು ಸಲ, ಕುರುಮಾದಲ್ಲಿ ಆರು ಸಲ ರೂಪ ಬದಲಿಸುತ್ತದೆ. ಬಳಿಕ ಪ್ರೊಟೊಜೋಯಿಯ, ಮೂರು ಉಪಹಂತಗಳು. ಇಲ್ಲಿಂದ ಹೊರಗಿನ ಆಹಾರ ಬೇಕು. ಡಯಾಟಮ್‌ನಂಥ ಸಸ್ಯಪ್ಲವಕ ಸಿಗದಿದ್ದರೆ ಡಿಂಭ ಬಲುಬೇಗ ಸಾಯುತ್ತದೆ. ಆಮೇಲಿನ ಮೈಸಿಸ್ ಹಂತವೂ ಮೂರು ಉಪಹಂತಗಳದ್ದು. ಅದು ತಲೆ ಕೆಳಗಾಗಿ ತೇಲುತ್ತ, ಹಿಂದು ಹಿಂದಕ್ಕೆ ಚಿಮ್ಮುತ್ತ, ಪ್ರಾಣಿಪ್ಲವಕವನ್ನೂ ತಿನ್ನತೊಡಗುತ್ತದೆ. ಕೊನೆಗೆ ಈಜುಗಾಲುಗಳು ಮೂಡಿ ಸೀಗಡಿಯ ಆಕಾರ ಬರುತ್ತದೆ; ಇದು ಡಿಂಭೋತ್ತರ ಮರಿ. ಮೊಟ್ಟೆಯಿಂದ ಇಲ್ಲಿಗೆ ಅನುಕೂಲ ತಾಪದಲ್ಲಿ ಎರಡು ವಾರದ ಆಸುಪಾಸು. ನೀರು ತಂಪಾದರೆ ಪ್ರತಿ ಹಂತವೂ ಹಿಗ್ಗುತ್ತದೆ. ಹಿಗ್ಗಿದಷ್ಟೂ ದಿನ ಬೇಟೆಗಾರರ ಬಾಯಿಗೆ ಬೀಳುವ ಅಪಾಯ ಹೆಚ್ಚು.

ಈ ಹಂತಗಳನ್ನು ಮೊದಲು ಪೂರ್ಣವಾಗಿ ಕಣ್ಣೆದುರು ಸಾಕಿ ನೋಡಿದವರು ಜಪಾನಿನ ಮೊತೊಸಾಕು ಫುಜಿನಾಗ. 1930ರ ದಶಕದ ಮೊದಲಾರ್ಧದಲ್ಲಿ ಅವರು ಕುರುಮಾ ಸೀಗಡಿಯಿಂದ ಬಂಧನದಲ್ಲೇ ಮೊಟ್ಟೆ ಬಿಡಿಸಿದರು. ಡಿಂಭಗಳು ಪ್ರೊಟೊಜೋಯಿಯ ಹಂತದಲ್ಲಿ ಹಸಿದು ಸಾಯುತ್ತಿದ್ದುದು ದೊಡ್ಡ ತೊಡಕಾಗಿತ್ತು. ಸ್ಕೆಲೆಟೊನೆಮ ಎಂಬ ಡಯಾಟಮ್ಮನ್ನು ಬೇರೆಯಾಗಿ ಬೆಳೆಸಿ ಉಣಿಸಿದ್ದು ಆ ತೊಡಕನ್ನು ಬಿಡಿಸಿತು. 1942ರಲ್ಲಿ ಅವರು ಪ್ರಕಟಿಸಿದ ಸಂತಾನೋತ್ಪತ್ತಿ, ಬೆಳವಣಿಗೆ ಮತ್ತು ಸಾಕಣೆಯ ವಿವರ ಮುಂದಿನ ಎಲ್ಲ ಸೀಗಡಿ ಮರಿ ಉತ್ಪಾದನಾ ಕೇಂದ್ರಗಳ ತಳಪಾಯ. 1960ರ ದಶಕದಲ್ಲಿ ಟೆಕ್ಸಾಸಿನ ಗ್ಯಾಲ್ವೆಸ್ಟನ್ ಪ್ರಯೋಗಾಲಯ ಅದನ್ನು ಅಮೆರಿಕದ ಪ್ರಭೇದಗಳಿಗೆ ಹೊಂದಿಸಿ, ದೊಡ್ಡ ತೊಟ್ಟಿಗಳಲ್ಲಿ ಹತೋಟಿಯಿಂದ ಸಾಕುವ ವಿಧಾನ ರೂಪಿಸಿತು. ಭಾರತದಲ್ಲಿ 2009ರಲ್ಲಿ ಅನುಮತಿ ಪಡೆದು ಕರ್ನಾಟಕದ ಕರಾವಳಿಯ ಹೊಂಡಗಳಿಗೂ ಬಂದ ವನಾಮಿ ಸೀಗಡಿಯ ಮರಿ ತಯಾರಾಗುವುದೂ ಇದೇ ಪರಂಪರೆಯ ತೊಟ್ಟಿಗಳಲ್ಲಿ.

ಕಡಲಿನಿಂದ ಅಳಿವೆಗೆ

ಸೆಂಟಿಮೀಟರ್ ಉದ್ದವೂ ಇರದ ಮರಿ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮಿಕ್ಕಿದ ಕಿಲೋಮೀಟರು ದಾಟಿ ಒಳನೀರು ಸೇರುತ್ತದೆ. ಈ ಜೀವಿಯ ಬದುಕಿನಲ್ಲಿ ನನಗೆ ಅತ್ಯಂತ ವಿಸ್ಮಯಕರ ಎನಿಸುವ ಘಟ್ಟ ಇದು. ಫ್ಲಾರಿಡಾದ ಗುಲಾಬಿ ಸೀಗಡಿಯಲ್ಲಿ ಇದನ್ನು ಆಳವಾಗಿ ಅಭ್ಯಾಸ ಮಾಡಲಾಗಿದೆ. ಅದರ ಪ್ರಮುಖ ಮೊಟ್ಟೆಯ ನೆಲೆ ಡ್ರೈ ಟೋರ್ಟುಗಾಸ್ ದ್ವೀಪಗಳ ಬಳಿ, ಮರಿಗಳ ತೊಟ್ಟಿಲು ಎವರ್‌ಗ್ಲೇಡ್ಸ್ ಜೌಗಿಗೆ ಅಂಟಿದ ಫ್ಲಾರಿಡಾ ಕೊಲ್ಲಿಯ ಕಡಲಹುಲ್ಲಿನ ಹಾಸು. ಕಾಸ್ಟೆಲೊ ಮತ್ತು ಆಲನ್ ಬಣ್ಣ ಚುಚ್ಚಿ ಬಿಟ್ಟ ಸೀಗಡಿಗಳು ಈ ಎರಡು ನೆಲೆಗಳ ಸಂಬಂಧವನ್ನು 1960ರ ದಶಕದಲ್ಲಿ ಸಾಬೀತುಪಡಿಸಿದವು.

ಮರಿಯ ಈಜು ಪ್ರವಾಹವನ್ನು ಮೀರಲಾರದು. ಅದು ಮಾಡುವುದು ಆಯ್ಕೆ. ರಾತ್ರಿಯ ಉಬ್ಬರದ ಹೊತ್ತಿಗೆ ತಳ ಬಿಟ್ಟು ಮೇಲೇರುತ್ತದೆ, ನೀರು ಅದನ್ನು ಒಳಕ್ಕೆ ಹೊತ್ತೊಯ್ಯುತ್ತದೆ. ಇಳಿತ ಶುರುವಾದಾಗ ತಳಕ್ಕಿಳಿದು ಕೂರುತ್ತದೆ. ಉಬ್ಬರ–ಇಳಿತಗಳನ್ನು ಅದು ಹೇಗೆ ಅರಿಯುತ್ತದೆ ಎಂಬುದಕ್ಕೆ 1969ರಲ್ಲಿ ಡಿ. ಎ. ಹ್ಯೂಸ್ ನಡೆಸಿದ ಪ್ರಯೋಗಗಳು ಒಂದು ಉತ್ತರ ಕೊಟ್ಟವು: ಉಪ್ಪಿನಂಶ ಇಳಿದುದು ಮೈಗೆ ತಿಳಿದೊಡನೆ ಡಿಂಭೋತ್ತರ ಮರಿ ತಳ ಹಿಡಿಯುತ್ತದೆ. ಅದೇ ಸಂಕೇತಕ್ಕೆ ಬೆಳೆದ ಎಳೆ ಸೀಗಡಿಯ ಪ್ರತಿಕ್ರಿಯೆ ತಿರುವುಮುರುವು, ಅದು ಹರಿವಿನೊಡನೆ ಹೊರಕ್ಕೆ ಸಾಗುತ್ತದೆ. ಒಂದೇ ಸೂಚನೆ ಚಿಕ್ಕದನ್ನು ಒಳಗೂ ದೊಡ್ಡದನ್ನು ಹೊರಗೂ ತಲುಪಿಸುತ್ತದೆ.

ಟೆಕ್ಸಾಸಿನ ಗ್ಯಾಲ್ವೆಸ್ಟನ್ ಕೊಲ್ಲಿಗೆ ಕಂದು ಸೀಗಡಿಯ ಮರಿಗಳು ಹೆಚ್ಚಾಗಿ ಬರುವುದು ಫೆಬ್ರುವರಿಯಿಂದ ಏಪ್ರಿಲ್ ವರೆಗೆ, ಬಿಳಿ ಸೀಗಡಿಯವು ಬೇಸಿಗೆಯಲ್ಲಿ. ಹೀಗೆ ಒಂದೇ ಜೌಗು ಒಂದು ವರ್ಷದಲ್ಲಿ ಎರಡು ಪ್ರಭೇದಗಳನ್ನು ಸರದಿಯ ಮೇಲೆ ಸಾಕುತ್ತದೆ. ಆದರೆ ಫೆಬ್ರುವರಿಯಲ್ಲಿ ಬಂದ ಕಂದು ಮರಿಗೆ ಉತ್ತರದ ಶೀತಗಾಳಿಯ ಭಯ ಇನ್ನೂ ತಪ್ಪಿರುವುದಿಲ್ಲ. 1968ರಲ್ಲಿ ಆಲ್ಡ್ರಿಚ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ನೀರಿನ ತಾಪ 12–17 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಮರಿಗಳು ಕೆಸರಿನಲ್ಲಿ ಹೂತುಕೊಂಡವು. 18 ಡಿಗ್ರಿ ದಾಟಿದ ಮೇಲೆ ಎದ್ದು ಬಂದವು. ಬಿಳಿ ಸೀಗಡಿಯ ಮರಿಗಳಲ್ಲಿ ಈ ನಡತೆ ಕಾಣಲಿಲ್ಲ. ಚಳಿ ಮುಗಿದ ಮೇಲೆ ಬರುವ ಮರಿಗೆ ಅದರ ಅಗತ್ಯವೂ ಇಲ್ಲ.

ಬೆಳವಣಿಗೆ

ಸೀಗಡಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ. ಕವಚ ಹಿಗ್ಗದು, ಅದನ್ನು ಕಳಚಿ, ಮೆತ್ತಗಿನ ಮೈ ನೀರು ಹೀರಿ ಉಬ್ಬಿ, ಹೊಸ ಕವಚ ಗಟ್ಟಿಯಾಗುವಷ್ಟರಲ್ಲಿ ಸಿಕ್ಕ ಜಾಗವೇ ಮುಂದಿನ ಬೆಳವಣಿಗೆಗೆ ಮಿತಿ. ಪೊರೆ ಕಳಚಲು ಪ್ರಚೋದಿಸುವ ಹಾರ್ಮೋನನ್ನು ತಲೆಭಾಗದ ವೈ ಅಂಗ ಸ್ರವಿಸುತ್ತದೆ. ಅದಕ್ಕೆ ಕಡಿವಾಣ ಹಾಕುವ ಹಾರ್ಮೋನು ಬರುವುದು ಕಣ್ಣಿನ ಕಾಂಡದಲ್ಲಿರುವ ಎಕ್ಸ್ ಅಂಗ ಮತ್ತು ಸೈನಸ್ ಗ್ರಂಥಿಯಿಂದ. ಅಂಡಾಶಯದ ಮಾಗುವಿಕೆಯನ್ನು ತಡೆಹಿಡಿಯುವ ಹಾರ್ಮೋನಿನ ನೆಲೆಯೂ ಅದೇ ಕಾಂಡ. 1943ರಲ್ಲಿ ಫ್ರಾನ್ಸಿನ ಪಾನೂಸ್ ಒಂದು ಸೀಗಡಿಯ ಕಣ್ಣಿನ ಕಾಂಡ ತೆಗೆದಾಗ ಅಂಡಾಶಯ ಬೇಗ ಬೆಳೆಯುವುದನ್ನು ತೋರಿಸಿದರು. 1972ರಲ್ಲಿ ಕಾಯ್ವೆ ಗುಲಾಬಿ ಸೀಗಡಿಯಲ್ಲಿ ಅದನ್ನೇ ಕಂಡರು. ಇಂದು ಜಗತ್ತಿನ ಅನೇಕ ಮರಿ ಉತ್ಪಾದನಾ ಕೇಂದ್ರಗಳಲ್ಲಿ ತಾಯಿ ಸೀಗಡಿಯ ಒಂದು ಕಣ್ಣಿನ ಕಾಂಡ ಕತ್ತರಿಸುವುದು ರೂಢಿ. ಪ್ರಾಣಿಯ ನೋವಿನ ಪ್ರಶ್ನೆಯನ್ನು ಪಕ್ಕಕ್ಕಿಡಲಾಗದು; ಕತ್ತರಿಸದೆ ತಾಪ, ಬೆಳಕು ಮತ್ತು ಆಹಾರದಿಂದಲೇ ಮೊಟ್ಟೆ ಪಡೆಯುವ ಪ್ರಯತ್ನಗಳು ಬೆಂಬಲಕ್ಕೆ ಅರ್ಹವಾದವು.

ಬಯಲಿನ ನೀರಿನಲ್ಲಿ ಬೆಳವಣಿಗೆಯ ವೇಗವನ್ನು ಹಿಡಿದಿರುವುದು ತಾಪ. ಜೈನ್‌ಎಲ್ಡಿನ್ ಮತ್ತು ಆಲ್ಡ್ರಿಚ್ 1965ರಲ್ಲಿ ಪ್ರಕಟಿಸಿದ ಕಂದು ಸೀಗಡಿ ಮರಿಗಳ ಪ್ರಯೋಗ ಈ ವಿಷಯದ ಮೂಲಸ್ತಂಭ. ಬೆಚ್ಚನೆಯ ನೀರಿನಲ್ಲಿ ಮರಿಗಳು ವ್ಯಾಪಕ ಉಪ್ಪಿನಂಶವನ್ನು ತಾಳಿಕೊಂಡವು. 15 ಡಿಗ್ರಿಗಿಂತ ಕೆಳಗೆ ಕಡಿಮೆ ಉಪ್ಪಿನ ನೀರು ಅವುಗಳಿಗೆ ಮಾರಕವಾಯಿತು. ಸುಮಾರು 16–18 ಡಿಗ್ರಿಗಿಂತ ಕೆಳಗೆ ಬೆಳವಣಿಗೆ ಹೆಸರಿಗಷ್ಟೇ. 25 ಡಿಗ್ರಿ ದಾಟಿದ ಮೇಲೆ ತೀವ್ರ. ಲೂಸಿಯಾನದ ಬರಟೇರಿಯಾ ಕೊಲ್ಲಿಯ ಅಧ್ಯಯನಗಳಲ್ಲೂ ನೀರು 20 ಡಿಗ್ರಿಗಿಂತ ತಣ್ಣಗಿದ್ದಾಗ ಕಂದು ಸೀಗಡಿಯ ಬೆಳವಣಿಗೆ ದಿನಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆಯಿತ್ತು. ಆದ್ದರಿಂದ ಲೂಸಿಯಾನ ಮತ್ತು ಟೆಕ್ಸಾಸಿನಲ್ಲಿ ಏಪ್ರಿಲ್ ತಿಂಗಳ ನೀರಿನ ತಾಪವೂ ಉಪ್ಪಿನಂಶವೂ ಆ ವರ್ಷದ ಕಂದು ಸೀಗಡಿಯ ಫಸಲಿನ ಮುನ್ನಂದಾಜಿಗೆ ಆಧಾರವಾಗಿವೆ.

ತಾಪ ವೇಗ ಕೊಟ್ಟರೆ ಜೌಗು ಆಹಾರವನ್ನೂ ಆಶ್ರಯವನ್ನೂ ಕೊಡುತ್ತದೆ. ಎಳೆ ಸೀಗಡಿ ಕೊಳೆತ ಸಸ್ಯಾವಶೇಷ, ಡಯಾಟಮ್, ಹುಳುಗಳು, ಚಿಕ್ಕ ಕಠಿಣಚರ್ಮಿಗಳನ್ನು ತಿನ್ನುತ್ತದೆ. ಹುಲ್ಲಿನ ಬುಡದಲ್ಲಿ ಮೀನುಗಳಿಂದ ಅಡಗುತ್ತದೆ. 1980ರ ದಶಕದಲ್ಲಿ ಜಿಮ್ಮರ್‌ಮನ್ ಮತ್ತು ಮಿನೆಲ್ಲೊ ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ದೊಡ್ಡ ಕೊಳವೆಯನ್ನು ಮೇಲಿನಿಂದ ಬೀಳಿಸಿ ಒಳಗೆ ಸಿಕ್ಕ ಜೀವಿಗಳನ್ನೆಲ್ಲ ಎಣಿಸಿದರು. ಸ್ಪಾರ್ಟಿನ ಹುಲ್ಲಿನ ಒಳಗೆ, ಮುಖ್ಯವಾಗಿ ಹುಲ್ಲು ಮತ್ತು ತೆರೆದ ನೀರು ಸೇರುವ ಅಂಚಿನಲ್ಲಿ, ಕಂದು ಸೀಗಡಿ ಬರಿದಾದ ತಳಕ್ಕಿಂತ ಬಹಳ ದಟ್ಟವಾಗಿತ್ತು. ಅದಕ್ಕೂ ಮುಂಚೆ 1977ರಲ್ಲಿ ಆರ್. ಯೂಜೀನ್ ಟರ್ನರ್ ಸೀಗಡಿ ಫಸಲು ತೆರೆದ ನೀರಿನ ವಿಸ್ತೀರ್ಣವನ್ನಲ್ಲ, ಉಬ್ಬರಕ್ಕೆ ಮುಳುಗುವ ಸಸ್ಯನೆಲದ ವಿಸ್ತೀರ್ಣವನ್ನು ಅನುಸರಿಸುತ್ತದೆ ಎಂದು ತೋರಿಸಿದ್ದರು. ಅಷ್ಟೇ ಜೌಗಿನಿಂದ ಸಿಗುವ ಫಸಲು ಅಕ್ಷಾಂಶ ಏರಿದಂತೆ ಇಳಿಯುತ್ತದೆ ಎಂಬುದನ್ನೂ ಅವರು ಕಂಡುಕೊಂಡಿದ್ದರು.

ಲೂಸಿಯಾನದ ಕಥೆ ಇಲ್ಲಿ ಬಹಳ ಮುಖ್ಯ. 1932ರಿಂದ 2010ರ ವರೆಗೆ ಆ ರಾಜ್ಯ ಸುಮಾರು 4,900 ಚದರ ಕಿಲೋಮೀಟರ್ ಕರಾವಳಿ ನೆಲವನ್ನು ಕಳೆದುಕೊಂಡಿತು. ಹಾಗಿದ್ದರೂ ಸೀಗಡಿ ಫಸಲು ಅದೇ ಪ್ರಮಾಣದಲ್ಲಿ ಕುಸಿಯಲಿಲ್ಲ. ಜೋನ್ ಬ್ರೌಡರ್ ಮತ್ತು ಸಹೋದ್ಯೋಗಿಗಳು 1989ರಲ್ಲಿ ಇದರ ಕಾರಣವನ್ನು ಲೆಕ್ಕದಿಂದ ವಿವರಿಸಿದರು. ಜೌಗು ಒಡೆದು ತುಂಡಾಗುವಾಗ ಅಂಚಿನ ಉದ್ದ ಮೊದಮೊದಲು ಹೆಚ್ಚುತ್ತದೆ, ಸೀಗಡಿಗೆ ಬೇಕಾದ ಅಂಚು ಅದೇ. ಒಂದು ಹಂತ ದಾಟಿದ ಮೇಲೆ ತುಂಡುಗಳೇ ಕರಗಿ ಅಂಚು ಕುಗ್ಗುತ್ತದೆ. ಒಳ್ಳೆಯ ಫಸಲು ಆರೋಗ್ಯದ ಗುರುತು ಎಂದು ನಂಬಿ ಕೂರುವವರಿಗೆ ಇದಕ್ಕಿಂತ ಗಟ್ಟಿಯಾದ ಎಚ್ಚರಿಕೆ ಬೇರೆ ಬೇಕಿಲ್ಲ.

ಮಳೆಯ ಎರಡು ಮುಖ

ಟೆಕ್ಸಾಸಿನಲ್ಲಿ ಬಿಳಿ ಸೀಗಡಿಯ ಫಸಲು ಮಳೆ ಹೆಚ್ಚಾದ ವರ್ಷಗಳ ಬಳಿಕ ಏರುತ್ತದೆಂದು ಹಿಲ್ಡೆಬ್ರಾಂಡ್ ಮತ್ತು ಗುಂಟರ್ 1953ರಲ್ಲೇ ತೋರಿಸಿದ್ದರು. ಬಿಳಿ ಸೀಗಡಿಯ ಮರಿ ಕಡಿಮೆ ಉಪ್ಪಿನ ನೀರಿನಲ್ಲಿ ಚೆನ್ನಾಗಿ ಬಾಳುತ್ತದೆ. ಬರಗಾಲದಲ್ಲಿ ದಕ್ಷಿಣ ಟೆಕ್ಸಾಸಿನ ಹಿನ್ನೀರು ಸಮುದ್ರಕ್ಕಿಂತಲೂ ಉಪ್ಪಾಗಿಬಿಡುತ್ತದೆ.

ಬ್ರೆಜಿಲಿನ ದಕ್ಷಿಣ ತುದಿಯ ಪಾಟೋಸ್ ಲಗೂನಿನಲ್ಲಿ ಇದು ತಲೆಕೆಳಗು. ಸುಮಾರು 10,000 ಚದರ ಕಿಲೋಮೀಟರ್ ಹರಡಿದ ಈ ಹಿನ್ನೀರಿಗೆ ಸಮುದ್ರದ ಬಾಗಿಲು ಒಂದೇ, ರಿಯೋ ಗ್ರಾಂಡೆ ಊರಿನ ಬಳಿಯ ಕಿರಿದಾದ ಕಾಲುವೆ. ಪೀನಿಯಸ್ ಪೌಲೆನ್ಸಿಸ್ ಉತ್ತರದ ಸಾಂಟಾ ಕ್ಯಾಟರೀನಾ ತೀರದಾಚೆ ಮೊಟ್ಟೆ ಬಿಡುತ್ತದೆ, ಪ್ರವಾಹ ಡಿಂಭಗಳನ್ನು ದಕ್ಷಿಣಕ್ಕೆ ತರುತ್ತದೆ, ದಕ್ಷಿಣಾರ್ಧಗೋಳದ ವಸಂತದಲ್ಲಿ ಮರಿಗಳು ಆ ಬಾಗಿಲಿಗೆ ಬರುತ್ತವೆ. ಎಲ್ ನಿನೊ ವರ್ಷಗಳಲ್ಲಿ ಅಲ್ಲಿ ಮಳೆ ಸುರಿದು ಸಿಹಿನೀರು ಕಾಲುವೆ ತುಂಬ ಹೊರಕ್ಕೆ ನುಗ್ಗುತ್ತದೆ. ಉಬ್ಬರವೇ ಒಳಬರದಿದ್ದರೆ ಉಬ್ಬರ ಹತ್ತುವ ಮರಿ ಏನು ಮಾಡೀತು? ಆ ವರ್ಷ ಲಗೂನಿನ ಮೀನುಗಾರರ ಬಲೆ ಖಾಲಿ. ಮಳೆಗೂ ಸೀಗಡಿ ಫಸಲಿಗೂ ಇರುವ ಈ ವಿಲೋಮ ಸಂಬಂಧವನ್ನು ಕಾಸ್ಟೆಲ್ಲೊ ಮತ್ತು ಮೊಲ್ಲರ್ 1978ರಲ್ಲಿ ದಾಖಲಿಸಿದರು. ಅಂದರೆ ಮಳೆ ಒಳ್ಳೆಯದೋ ಕೆಟ್ಟದೋ ಎಂಬುದಕ್ಕೆ ಸಾಮಾನ್ಯ ಉತ್ತರವಿಲ್ಲ. ಅಳಿವೆಯ ಬಾಯಿ ಹೇಗಿದೆ, ಮರಿ ಬರುವ ತಿಂಗಳು ಯಾವುದು ಎಂಬುದನ್ನು ನೋಡಿಯೇ ಹೇಳಬೇಕು.

ಚಳಿಗಾಲ ಮತ್ತು ವಲಸೆ

ಶರತ್ಕಾಲದಲ್ಲಿ ನೀರು ತಣ್ಣಗಾದೊಡನೆ ಬಿಳಿ ಸೀಗಡಿ ಅಳಿವೆ ಬಿಡುತ್ತದೆ. ಕ್ಯಾರೊಲಿನಾ ಮತ್ತು ಜಾರ್ಜಿಯಾ ತೀರದವು ದಡ ಹಿಡಿದು ದಕ್ಷಿಣಕ್ಕೆ, ಫ್ಲಾರಿಡಾದ ಕಡೆಗೆ ಸಾಗುತ್ತವೆ. ವಸಂತದಲ್ಲಿ ಉಳಿದವು ಉತ್ತರಕ್ಕೆ ಹಿಂತಿರುಗಿ ಮೊಟ್ಟೆ ಬಿಡುತ್ತವೆ. ಚಳಿಯಲ್ಲಿ ಬೆಳವಣಿಗೆ ನಿಂತಿರುತ್ತದೆ. ನೀರು 8 ಡಿಗ್ರಿ ಅಥವಾ ಅದಕ್ಕೂ ಕೆಳಗಿಳಿದರೆ ಸಾವು ಆರಂಭ, 3 ಡಿಗ್ರಿಯಲ್ಲಿ ಯಾವುದೂ ಉಳಿಯದು. ದಕ್ಷಿಣ ಕ್ಯಾರೊಲಿನಾದಲ್ಲಿ 1977, 1984 ಮತ್ತು 2018ರ ಜನವರಿಗಳ ಶೈತ್ಯ ಇಂಥ ದೊಡ್ಡ ಸಾವನ್ನು ತಂದಿತು. ಮರುವಸಂತದ ಮೊಟ್ಟೆಸೀಗಡಿಯ ಹಿಡಿತ ಕುಸಿಯುತ್ತದೆ. ಆದರೆ ಬದುಕುಳಿದ ಅಲ್ಪಸಂಖ್ಯೆಯ ಹೆಣ್ಣುಗಳ ಮೊಟ್ಟೆಗೆ ಜೌಗು ಅನುಕೂಲವಾಗಿದ್ದರೆ ಶರತ್ಕಾಲದ ಹೊತ್ತಿಗೆ ಸಂಖ್ಯೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ತಾಯಂದಿರ ಸಂಖ್ಯೆಗೂ ಮಕ್ಕಳ ಸಂಖ್ಯೆಗೂ ಇಷ್ಟು ಸಡಿಲವಾದ ನಂಟಿರುವುದು ಲಕ್ಷಗಟ್ಟಲೆ ಮೊಟ್ಟೆಯಿಡುವ ಜೀವಿಗಳಲ್ಲಿ ಮಾತ್ರ ಸಾಧ್ಯ. ಕುರುಮಾ ಸೀಗಡಿ ದೂರ ಹೋಗದೆ ಮರಳಿನಲ್ಲಿ ಹೂತುಕೊಂಡು ಚಳಿ ಕಳೆಯುತ್ತದೆ.

ಎಲ್ಲಕ್ಕಿಂತ ದೀರ್ಘವಾದ ಪಯಣ ಆಸ್ಟ್ರೇಲಿಯದ ರಾಜ ಸೀಗಡಿಯದು. ಅದು ವಿಕ್ಟೋರಿಯಾ ಮತ್ತು ನ್ಯೂ ಸೌತ್ ವೇಲ್ಸ್‌ನ ಅಳಿವೆಗಳಲ್ಲಿ ಬೆಳೆದು, ಕಡಲಿಗಿಳಿದ ಮೇಲೆ ದಕ್ಷಿಣಮುಖವಾಗಿ ಹರಿಯುವ ಪೂರ್ವ ಆಸ್ಟ್ರೇಲಿಯ ಪ್ರವಾಹಕ್ಕೆ ಎದುರಾಗಿ ಉತ್ತರಕ್ಕೆ ನಡೆಯುತ್ತದೆ. ರುಯೆಲ್ಲೊ 1975ರಲ್ಲಿ ವರದಿ ಮಾಡಿದ ಗುರುತುಸೀಗಡಿಗಳಲ್ಲಿ ಒಂದು 900 ಕಿಲೋಮೀಟರಿಗೂ ದೂರ ಸಾಗಿತ್ತು. ಉತ್ತರದ ಬೆಚ್ಚನೆಯ ಆಳದಲ್ಲಿ ಬಿಟ್ಟ ಮೊಟ್ಟೆಗಳಿಂದ ಬಂದ ಡಿಂಭಗಳನ್ನು ಅದೇ ಪ್ರವಾಹ ದಕ್ಷಿಣದ ಅಳಿವೆಗಳಿಗೆ ಹಿಂತಿರುಗಿಸುತ್ತದೆ. ತಂಪು ನೀರಿನಲ್ಲಿ ಬೆಳೆಯಬಲ್ಲ, ಆದರೆ ಅಲ್ಲಿ ಸಂತಾನ ಪಡೆಯಲಾಗದ ಪ್ರಾಣಿ ತನ್ನ ವ್ಯಾಪ್ತಿಯನ್ನು ಹಿಗ್ಗಿಸಿಕೊಂಡ ಬಗೆ ಇದು.

ಅಕ್ಷಾಂಶ ಮತ್ತು ಋತು

ಸಮುದ್ರಜೀವಿಗಳ ಸಂತಾನಕಾಲವನ್ನು ತಾಪ ನಿಯಂತ್ರಿಸುತ್ತದೆ ಎಂದು 1920ರಲ್ಲಿ ಆರ್ಟನ್ ಮಂಡಿಸಿದರು. ಡಿಂಭಗಳಿಗೆ ಪ್ಲವಕ ಆಹಾರ ಸಿಗುವ ಕಾಲಕ್ಕೆ ಅದು ಹೊಂದಿಕೊಂಡಿರುತ್ತದೆ ಎಂದು 1950ರಲ್ಲಿ ಥಾರ್ಸನ್ ಒತ್ತಿ ಹೇಳಿದರು. ಇವುಗಳಿಂದ ಹುಟ್ಟಿದ ನಿರೀಕ್ಷೆ ಸರಳ: ಉಷ್ಣವಲಯದಲ್ಲಿ ವರ್ಷವಿಡೀ ಸಂತಾನ, ಧ್ರುವದತ್ತ ಸರಿದಂತೆ ಕಾಲ ಕಿರಿದು. ರೇಮಂಡ್ ಬಾವರ್ 1992ರಲ್ಲಿ ಈ ನಿರೀಕ್ಷೆಯನ್ನು ಸೀಗಡಿಗಳ ಮೇಲೆ ಪರೀಕ್ಷೆಗೊಡ್ಡಿದರು. ಸ್ಥೂಲವಾಗಿ ಅದು ನಿಲ್ಲುತ್ತದೆ, ಆದರೆ ಒಂದೇ ಅಕ್ಷಾಂಶದ ಪ್ರಭೇದಗಳ ನಡುವೆಯೂ ವ್ಯತ್ಯಾಸಗಳು ಸಾಕಷ್ಟಿವೆ. ಬ್ರೆಜಿಲಿನ ಉಬಟೂಬ ತೀರ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿ ವಸಂತದ ಕೊನೆ ಮತ್ತು ಬೇಸಿಗೆಯಲ್ಲಿ ಆಳದ ತಣ್ಣೀರು ತಳದಲ್ಲಿ ದಡದತ್ತ ನುಗ್ಗುತ್ತದೆ, ಮೇಲ್ನೀರು ಬಿಸಿಯಾಗಿರುವಾಗಲೇ ತಳ ತಂಪಾಗುತ್ತದೆ. ತಳವಾಸಿ ಸೀಗಡಿಗೆ ಪಂಚಾಂಗದ ಬೇಸಿಗೆಗಿಂತ ತಳದ ನೀರಿನ ಬೇಸಿಗೆ ಮುಖ್ಯ.

ಚಿಕ್ಕ ಗಾತ್ರದ ಸೀಗಡಿಗಳು ಉಪೋಷ್ಣವಲಯದ ಋತುವನ್ನು ಇನ್ನೊಂದು ರೀತಿಯಲ್ಲಿ ಬಳಸುತ್ತವೆ. ಜಪಾನಿನ ಅರಿಯಾಕೆ ಸಮುದ್ರದಂಥಲ್ಲಿ ಸಿಗುವ ಅಸೀಟಿಸ್ ಜಪೋನಿಕಸ್‌ನಲ್ಲಿ ವರ್ಷಕ್ಕೆ ಎರಡು ಪೀಳಿಗೆ. ಚಳಿ ಕಳೆದು ನಿಧಾನವಾಗಿ ಬೆಳೆದ ಪೀಳಿಗೆ ದೊಡ್ಡ ಮೈಯಿಂದ ಬೇಸಿಗೆಯ ಆರಂಭದಲ್ಲಿ ಮೊಟ್ಟೆ ಬಿಟ್ಟು ಸಾಯುತ್ತದೆ. ಅದರ ಮಕ್ಕಳು ಬಿಸಿನೀರಿನಲ್ಲಿ ಬೇಗ ಮಾಗಿ, ಚಿಕ್ಕ ಮೈಯಲ್ಲೇ ಅದೇ ಬೇಸಿಗೆಯೊಳಗೆ ಮೊಟ್ಟೆ ಬಿಡುತ್ತವೆ. ಆ ಮೊಟ್ಟೆಗಳೇ ಮುಂದಿನ ಚಳಿಗಾಲ ದಾಟುವ ಪೀಳಿಗೆ. ಕ್ಯಾರಿಡಿಯ ಗುಂಪಿನವುಗಳದು ಮತ್ತೊಂದು ದಾರಿ. ಅಮೆರಿಕದ ಜೌಗಿನ ಹುಲ್ಲುಸೀಗಡಿ ಪ್ಯಾಲಿಮನ್ ಪ್ಯೂಜಿಯೊ ಕೆಲವೇ ನೂರು ಮೊಟ್ಟೆಗಳನ್ನು ಹೊಟ್ಟೆಯಡಿಯ ಈಜುಗಾಲುಗಳಿಗೆ ಅಂಟಿಸಿಕೊಂಡು, ಒಡೆಯುವವರೆಗೆ ನೀರು ಬೀಸಿ ಕಾಯುತ್ತದೆ.

ನಮ್ಮ ಕರಾವಳಿ ಉಷ್ಣವಲಯದ್ದು. ಕಾರವಾರದಿಂದ ಮಂಗಳೂರಿನವರೆಗೆ ಸಿಗುವ ಶೆಟ್ಲಿಗೆ, ಅಂದರೆ ಸೀಗಡಿಗೆ, ಚಳಿಯ ತಡೆಗೋಡೆ ಇಲ್ಲ. ಮೆಟಪೀನಿಯಸ್ ಡಾಬ್ಸೊನಿಯಂಥವು ವರ್ಷದ ಬಹುಭಾಗ ಸಂತಾನ ಪಡೆಯುತ್ತವೆ; ಅವುಗಳ ಏರಿಳಿತಕ್ಕೆ ತಾಪಕ್ಕಿಂತ ಮುಂಗಾರಿನ ಮಳೆ ಮತ್ತು ಅಳಿವೆಯ ಉಪ್ಪಿನಂಶ ಕಾರಣ. ಕಡಲಿನಲ್ಲಿ ಹುಟ್ಟಿ ಅಳಿವೆಯಲ್ಲಿ ಬೆಳೆಯುವ ಕ್ರಮ ಮಾತ್ರ ಒಂದೇ. ಕುಮಟಾದ ಅಘನಾಶಿನಿ ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತದ ಕೊಯ್ಲಾದ ಮೇಲೆ ತೂಬು ತೆರೆದು ಉಬ್ಬರದೊಡನೆ ಸೀಗಡಿ ಮರಿಯನ್ನು ಒಳಬಿಡುವ ರೈತರು ಹ್ಯೂಸ್ ಪ್ರಯೋಗಾಲಯದಲ್ಲಿ ಕಂಡ ನಡತೆಯನ್ನೇ ಬಹುಕಾಲದಿಂದ ಬಳಸಿಕೊಂಡು ಬಂದವರು.

ಮೀನುಗಾರಿಕೆ ಮತ್ತು ನಿರ್ವಹಣೆ

ಒಂದು ವರ್ಷ ಬಾಳುವ ಪ್ರಾಣಿಯನ್ನು ಹಿಡಿಯುವ ಕಾಲವೇ ಅದರ ನಿರ್ವಹಣೆಯ ತಿರುಳು. ಟೆಕ್ಸಾಸ್ ತೀರದಾಚೆಯ ಸಂಯುಕ್ತ ಸರ್ಕಾರದ ನೀರನ್ನು 1981ರಿಂದ ಸಾಮಾನ್ಯವಾಗಿ ಮೇ ಮಧ್ಯದಿಂದ ಜುಲೈ ಮಧ್ಯದವರೆಗೆ ಸೀಗಡಿ ಟ್ರಾಲಿಂಗಿಗೆ ಮುಚ್ಚಲಾಗುತ್ತದೆ. ಆಗಷ್ಟೇ ಅಳಿವೆ ಬಿಟ್ಟು ಹೊರಬರುವ ಕಂದು ಸೀಗಡಿ ಬೇಸಿಗೆಯ ಬೆಚ್ಚನೆಯಲ್ಲಿ ಆ ಎರಡು ತಿಂಗಳೊಳಗೆ ಗಾತ್ರದಲ್ಲೂ ಬೆಲೆಯಲ್ಲೂ ಗಣನೀಯವಾಗಿ ಏರುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧ ಹೊರನೋಟಕ್ಕೆ ಇದನ್ನು ಹೋಲುತ್ತದೆ, ಆದರೆ ಅದು ಒಂದು ಪ್ರಭೇದದ ಬೆಳವಣಿಗೆಯ ಲೆಕ್ಕದ ಮೇಲಲ್ಲ, ಮುಂಗಾರಿನ ಕಡಲು ಮತ್ತು ಅನೇಕ ಮೀನುಗಳ ಸಂತಾನಕಾಲವನ್ನು ಒಟ್ಟಾಗಿ ನೋಡಿ ಮಾಡಿದ್ದು.

ಜಪಾನು ಬೇರೆ ಹಾದಿ ಹಿಡಿಯಿತು. 1960ರ ದಶಕದಿಂದ ಸೆಟೊ ಒಳಸಮುದ್ರದಲ್ಲಿ ತೊಟ್ಟಿಯಲ್ಲಿ ಸಾಕಿದ ಕುರುಮಾ ಮರಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಿಡುತ್ತ ಬಂದಿದೆ. ಮರಿ ಮರಳಿನಲ್ಲಿ ಹೂತುಕೊಳ್ಳುವ ಅಭ್ಯಾಸ ಕಲಿಯುವ ಮುನ್ನ ಬಿಟ್ಟರೆ ಮೀನುಗಳ ಪಾಲಾಗುತ್ತದೆ ಎಂಬುದನ್ನು ಅರಿತು, ಉಬ್ಬರದ ಬಯಲುಗಳಲ್ಲಿ ಬಲೆ ಕಟ್ಟಿದ ಆವರಣಗಳಲ್ಲಿ ತುಸು ದಿನ ಪಳಗಿಸಿ ಬಿಡುವ ಕ್ರಮ ರೂಢಿಗೆ ಬಂತು. ಆದರೂ ಕಡಲಿನ ಹಿಡಿತದ ಏರಿಳಿತ ಉಬ್ಬರದ ಬಯಲುಗಳ ಸ್ಥಿತಿಗೇ ಕಟ್ಟುಬಿದ್ದಿದೆ.

ಅಮೆರಿಕದ ಆಗ್ನೇಯ ತೀರದಲ್ಲಿ ಕಡುಚಳಿ ಬಿದ್ದು ಬಿಳಿ ಸೀಗಡಿ ಬಹಳವಾಗಿ ಸತ್ತಾಗ, ರಾಜ್ಯಗಳ ಕೋರಿಕೆಯ ಮೇರೆಗೆ ಹೊರಗಿನ ನೀರನ್ನೂ ಮುಚ್ಚುವ ಅಧಿಕಾರ ಸಂಯುಕ್ತ ಸರ್ಕಾರಕ್ಕಿದೆ. 2018ರ ಜನವರಿಯಲ್ಲಿ ದಕ್ಷಿಣ ಕ್ಯಾರೊಲಿನಾದಾಚೆ ಹಾಗೇ ಮಾಡಲಾಯಿತು. ಇನ್ನೊಂದು ಕಡೆ, ಚಳಿಗಾಲಗಳು ಸೌಮ್ಯವಾಗುತ್ತಿರುವುದರ ಫಲವೂ ಕಾಣುತ್ತಿದೆ. ಬಿಳಿ ಸೀಗಡಿ ವರ್ಜೀನಿಯಾ ತೀರದಲ್ಲಿ ಹಿಡಿಯುವಷ್ಟು ಹೆಚ್ಚಿದೆ, ಅಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಹೊಸ ಮೀನುಗಾರಿಕೆಯೇ ಆರಂಭವಾಗಿದೆ. ಅದೇ ಹೊತ್ತಿಗೆ ಜಾರ್ಜಿಯಾ ಮತ್ತು ದಕ್ಷಿಣ ಕ್ಯಾರೊಲಿನಾದಲ್ಲಿ 1990ರ ದಶಕದ ಕೊನೆಯಿಂದ ಬೇಸಿಗೆಯ ಕೊನೆಗೂ ಶರತ್ಕಾಲದಲ್ಲೂ ಕಿವಿರು ಕಪ್ಪಾಗುವ ರೋಗ ಕಾಣಿಸಿಕೊಂಡಿದೆ. ಒಂದು ಸೂಕ್ಷ್ಮ ಲೋಮಾಂಗಿ ಕಿವಿರಿನೊಳಗೆ ಸೇರುತ್ತದೆ, ಸೀಗಡಿಯ ದೇಹ ಅದರ ವಿರುದ್ಧ ಕಪ್ಪು ವರ್ಣದ್ರವ್ಯ ಸ್ರವಿಸುತ್ತದೆ. ಪೊರೆ ಕಳಚಿದಾಗ ಕಪ್ಪು ಹೋಗುತ್ತದೆ, ಆದರೆ ಅಷ್ಟರವರೆಗೆ ಉಸಿರು ಕುಂದಿ ಬೇಟೆಗಾರನಿಂದ ತಪ್ಪಿಸಿಕೊಳ್ಳುವ ಶಕ್ತಿ ಇಳಿಯುತ್ತದೆ. ಶೈತ್ಯ ಸೀಗಡಿಯನ್ನು ಜನವರಿಯಲ್ಲಿ ಕೊಲ್ಲುತ್ತದೆ. ಈ ರೋಗ ಅದನ್ನು ಅತಿ ವೇಗವಾಗಿ ಬೆಳೆಯುವ ಬೆಚ್ಚನೆಯ ತಿಂಗಳುಗಳಲ್ಲೇ ಹಿಡಿಯುತ್ತದೆ.